ಮುಖ ನೋಡಿ ಮಣೆ ಹಾಕುವುದು

ಮುಖ ನೋಡಿ ಮಣೆ ಹಾಕುತ್ತಾರೆ ಎಂಬ ಮಾತನ್ನು ನಾವು ಆಡುವುದೆಲ್ಲ ಬೇಸರಕ್ಕೇ. ಮದುವೆಮನೆಯಲ್ಲಿ ಜರಿ ಸೀರೆಯವರಿಗೆ ಮೊದಲ ಪಂಕ್ತಿ, ನೂಲಿನ ಸೀರೆಯವರಿಗೆ ಕಂಬದ ಮರೆ ಸಿಕ್ಕಿದಾಗ ಈ ಗಾದೆ ತಾನಾಗಿ ಬಾಯಿಗೆ ಬರುತ್ತದೆ. ಆದರೆ ಬಡಿಸುವವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಬಾಗಿಲಲ್ಲಿ ನಿಂತವರ ಗುಣ ತಿಳಿಯುವುದಕ್ಕೆ ವರ್ಷಗಳು ಬೇಕು. ಪಂಕ್ತಿ ಕೂರುವುದಕ್ಕೆ ಐದು ನಿಮಿಷವೂ ಇರುವುದಿಲ್ಲ. ಮುಖ ನೋಡದೆ ಮಣೆ ಹಾಕುವುದಾದರೂ ಹೇಗೆ?

ನಮ್ಮ ಮೇಷ್ಟರುಗಳ ಪಾಡೂ ಇದೇ. ಜೂನ್ ತಿಂಗಳಲ್ಲಿ ಎಂಟನೇ ತರಗತಿಗೆ ಹೊಸ ಮಕ್ಕಳು ಬಂದಾಗ ಕೈಯಲ್ಲಿರುವುದು ಹಿಂದಿನ ಶಾಲೆಯ ಮಾರ್ಕ್ಸ್ ಕಾರ್ಡು ಮತ್ತು ಟಿ.ಸಿ. ಮಾತ್ರ. ಅದನ್ನು ನೋಡಿಯೇ ಯಾರು ಯಾವ ಸೆಕ್ಷನ್ನಿಗೆ ಎಂದು ಹಂಚುತ್ತೇವೆ. ಕಾರ್ಡು ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳುವುದು ಹುಡುಗಿ ಆ ದಿನ ಏನು ಬರೆದಳು ಎಂಬುದನ್ನು. ಮುಂದೆ ಏನು ಮಾಡುತ್ತಾಳೆ ಎಂಬುದನ್ನಲ್ಲ.

ಈ ಹಳೆಯ ಗಾದೆ ರಕ್ತದ ವಿಷಯದಲ್ಲೂ ನಿಜ ಎಂದು ನನಗೆ ತಿಳಿದದ್ದು 2018ರಲ್ಲಿ, ನನ್ನ ತಮ್ಮನಿಗೆ ರಕ್ತದ ಕ್ಯಾನ್ಸರ್ ಬಂದಾಗ. ನಾನು ಬಿ.ಎ., ಬಿ.ಎಡ್. ಮಾಡಿ ಸಮಾಜ ಪಾಠ ಹೇಳುವವಳು. ವಿಜ್ಞಾನಕ್ಕೂ ನನಗೂ ಎಸ್ಸೆಸ್ಸೆಲ್ಸಿಯಲ್ಲೇ ಋಣ ಹರಿದಿತ್ತು. ಆದರೆ ಮನೆಯೊಳಗೆ ಬಂದ ಕಾಯಿಲೆಯ ವ್ಯಾಕರಣವನ್ನು ಕಲಿಯದೆ ಇರಲಾಗುವುದಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯ ಜೀವಶಾಸ್ತ್ರದ ಟೀಚರು, ಆಸ್ಪತ್ರೆಯ ವೈದ್ಯೆ, ಆಮೇಲೆ ಕೈಗೆ ಸಿಕ್ಕಿದ ಪುಸ್ತಕಗಳು, ಇವರೆಲ್ಲ ಸೇರಿ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮೈಯಲ್ಲಿ ರಕ್ತ ಒಮ್ಮೆ ತುಂಬಿಟ್ಟದ್ದಲ್ಲ. ಪ್ರತಿದಿನ ಹೊಸದಾಗಿ ತಯಾರಾಗುವಂಥದು. ಒಂದು ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಪ್ಲೇಟ್‌ಲೆಟ್ಟಿನದು ಹತ್ತು ದಿನದೊಳಗೆ. ಸಾಯುವವುಗಳ ಜಾಗ ತುಂಬಲು ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಬೇಕು. ಇದಕ್ಕೆಲ್ಲ ಮೂಲವಾಗಿ ಮಜ್ಜೆಯಲ್ಲಿ ಕೆಲವೇ ಕೆಲವು ಕೋಶಗಳಿವೆ. ಅವೇ ಸ್ಟೆಮ್ ಸೆಲ್ಲುಗಳು, ಕನ್ನಡದಲ್ಲಿ ಆಕರಕೋಶಗಳು. ಅವುಗಳಿಗೆ ಎರಡು ಗುಣ ಇರಲೇಬೇಕು. ಕೆಂಪು, ಬಿಳಿ, ಪ್ಲೇಟ್‌ಲೆಟ್ಟು ಎಲ್ಲವನ್ನೂ ಹುಟ್ಟಿಸಬಲ್ಲದ್ದಾಗಿರಬೇಕು. ಹುಟ್ಟಿಸುತ್ತಲೇ ತನ್ನಂಥ ಇನ್ನೊಂದನ್ನು ಉಳಿಸಿಕೊಳ್ಳಬೇಕು.

ಎರಡನೆಯ ಗುಣ ನನಗೆ ಕೂಡಲೇ ಅರ್ಥವಾಯಿತು, ಏಕೆಂದರೆ ಅದು ಹೆಪ್ಪಿನ ಗುಣ. ಮೊಸರೆಲ್ಲ ಬಳಸಿದರೂ ನಾಳೆಯ ಹೆಪ್ಪಿಗೆ ಒಂದು ಚಮಚ ಉಳಿಸುವುದು ಪ್ರತಿ ಮನೆಯ ರೂಢಿ. ಆ ಚಮಚದ ಮೊಸರು ನೋಡುವುದಕ್ಕೆ ಮೊಸರಿನಂತೆಯೇ ಇರುತ್ತದೆ. ಅದರ ಜೀವ ಹೋಗಿದೆಯೋ ಉಳಿದಿದೆಯೋ ಎಂಬುದು ಹಾಲಿಗೆ ಹಾಕಿ, ಮುಚ್ಚಿಟ್ಟು, ಬೆಳಿಗ್ಗೆ ಎದ್ದು ಪಾತ್ರೆ ಅಲುಗಿಸಿದಾಗಲೇ ತಿಳಿಯುವುದು. ರಕ್ತದ ಆಕರಕೋಶವೂ ಹಾಗೆಯೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಯಾವುದೋ ಸಣ್ಣ ಬಿಳಿ ರಕ್ತಕಣದಂತೆ ಕಾಣುತ್ತದೆಯೇ ಹೊರತು ಹಣೆಯ ಮೇಲೆ ಏನೂ ಬರೆದುಕೊಂಡಿರುವುದಿಲ್ಲ.

ಅದಕ್ಕೇ ವಿಜ್ಞಾನಿಗಳು ಇವನ್ನು ಮೊದಲು ಕಂಡದ್ದು ರೂಪದಿಂದಲ್ಲ, ಕೆಲಸದಿಂದ. ಕೆನಡಾದ ಟೊರಾಂಟೊದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕ್ಯುಲಕ್ ಎಂಬ ಇಬ್ಬರು 1961ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ವಿಕಿರಣ ಹಾಯಿಸಿ ಇಲಿಗಳ ಮಜ್ಜೆಯನ್ನು ಸಾಯಿಸಿದರು. ಬೇರೆ ಇಲಿಗಳ ಮಜ್ಜೆಯ ಕೋಶಗಳನ್ನು ಅವುಗಳ ರಕ್ತನಾಳಕ್ಕೆ ಬಿಟ್ಟರು. ಹತ್ತು ದಿನಗಳ ನಂತರ ನೋಡಿದರೆ ಗುಲ್ಮದ ಮೇಲೆ ಗಂಟುಗಳೆದ್ದಿದ್ದವು. ಬಿಟ್ಟ ಕೋಶ ಹೆಚ್ಚಿದಷ್ಟೂ ಗಂಟುಗಳೂ ಹೆಚ್ಚು. ಲೆಕ್ಕಕ್ಕೆ ಸುಮಾರು 10,000 ಕೋಶಗಳಿಗೆ ಒಂದು ಗಂಟು. ಒಂದೊಂದು ಗಂಟೂ ಒಂದೊಂದೇ ಕೋಶದ ಸಂತಾನ ಎಂಬುದನ್ನು 1963ರಲ್ಲಿ ತೋರಿಸಿದರು. ಗಂಟು ಕಟ್ಟಿದ ಕೋಶಗಳಲ್ಲಿ ಹೆಚ್ಚಿನವು ನಿಜವಾದ ಆಕರಕೋಶಗಳಲ್ಲ, ಅವುಗಳ ಮಕ್ಕಳು ಎಂದು ಆಮೇಲೆ ಗೊತ್ತಾಯಿತು. ನಿಜವಾದದ್ದು ಹತ್ತು ದಿನವಲ್ಲ, ತಿಂಗಳುಗಟ್ಟಲೆ ರಕ್ತ ಕೊಡಬೇಕು. ಆ ಇಲಿಯಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಅಲ್ಲಿಯೂ ಕೊಡಬೇಕು. ಮೊದಲ ಕಿರುಪರೀಕ್ಷೆ ಪಾಸಾದವರೆಲ್ಲ ವರ್ಷದ ಕೊನೆಯಲ್ಲಿ ಉಳಿಯುವುದಿಲ್ಲವಲ್ಲ, ಹಾಗೆ.

ಆದರೆ ಕೆಲಸ ನೋಡಿ ಗುರುತಿಸುವುದರಲ್ಲಿ ಒಂದು ತೊಂದರೆಯಿದೆ. ಕೆಲಸ ಮುಗಿಯುವವರೆಗೆ ಕಾಯಬೇಕು. ರೋಗಿ ಮಂಚದ ಮೇಲೆ ಮಲಗಿರುವಾಗ ಚೀಲದಲ್ಲಿರುವ ಕೋಶಗಳು ಎಂಥವು ಎಂದು ತಿಳಿಯಲು ಆರು ತಿಂಗಳು ಕಾಯಲಾಗುತ್ತದೆಯೇ? ಹಾಗಾಗಿ ಇಲ್ಲಿಯೂ ಮುಖ ನೋಡಿ ಮಣೆ ಹಾಕುವ ಉಪಾಯವೊಂದು ಬೇಕಾಯಿತು.

ಕೋಶದ ಮುಖವೆಂದರೆ ಅದರ ಹೊರಮೈ. ಅಲ್ಲಿ ನೂರಾರು ಬಗೆಯ ಪ್ರೋಟೀನುಗಳು ಚಾಚಿಕೊಂಡಿರುತ್ತವೆ. ಒಂದೊಂದು ಬಗೆಯ ಕೋಶಕ್ಕೆ ಒಂದೊಂದು ಜೋಡಣೆ. ಒಂದೇ ಒಂದು ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು ಕೋಲರ್ ಮತ್ತು ಮಿಲ್‌ಸ್ಟೀನ್ 1975ರಲ್ಲಿ ಕಂಡುಹಿಡಿದರು. ಆ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ, ಕೋಶಗಳನ್ನು ಸಣ್ಣ ಧಾರೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಹರಿಸಿ, ಲೇಸರ್ ಬೆಳಕು ಬಿಟ್ಟು, ಹೊಳೆದದ್ದನ್ನು ಎಣಿಸಿ ಬೇರ್ಪಡಿಸುವ ಯಂತ್ರವನ್ನು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಲಿಯೊನಾರ್ಡ್ ಹರ್ಜನ್‌ಬರ್ಗ್ ಬೆಳೆಸಿದ್ದರು. ಪರೀಕ್ಷೆಯ ಹಾಲಿನ ಬಾಗಿಲಲ್ಲಿ ನಾವು ಹಾಲ್ ಟಿಕೆಟ್ ನೋಡಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತೇವಲ್ಲ, ಅದೇ ಕೆಲಸ; ವೇಗ ಮಾತ್ರ ಸೆಕೆಂಡಿಗೆ ಸಾವಿರಾರು. ಒಂದೊಂದು ಪ್ರಯೋಗಾಲಯವೂ ತಾನು ಕಂಡ ಗುರುತಿಗೆ ತನ್ನದೇ ಹೆಸರಿಟ್ಟು ಗೊಂದಲವಾದಾಗ, 1982ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿ ಎಲ್ಲಕ್ಕೂ ರೋಲ್ ನಂಬರ್ ಕೊಡಲು ಶುರುಮಾಡಿದರು. ಆ ನಂಬರುಗಳ ಮುಂದೆ ಬರುವ ಅಕ್ಷರಗಳೇ ಸಿ.ಡಿ.

ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸಿನಲ್ಲಿ ಕರ್ಟ್ ಸಿವಿನ್ ಮತ್ತು ಜೊತೆಯವರು 1984ರಲ್ಲಿ ಒಂದು ಪ್ರತಿಕಾಯವನ್ನು ವರ್ಣಿಸಿದರು. ಹೆಸರು ಮೈ-10. ಕನ್ನಡದವರಿಗೆ ನೆನಪಿಡಲು ಸುಲಭವಾದ ಹೆಸರು. ಅದು ಅಂಟಿಕೊಳ್ಳುತ್ತಿದ್ದುದು ಮಜ್ಜೆಯ ನೂರು ಕೋಶಗಳಲ್ಲಿ ಒಂದೆರಡಕ್ಕೆ ಮಾತ್ರ. ಅವೂ ಇನ್ನೂ ಬಲಿಯದ ಎಳೆಯ ಕೋಶಗಳು. ಅದು ಗುರುತಿಸುವ ಪ್ರೋಟೀನಿಗೆ ಸಿ.ಡಿ. 34 ಎಂಬ ನಂಬರು ಬಂತು. 1988ರಲ್ಲಿ ಸಿಯಾಟಲ್‌ನ ಬೆರೆನ್ಸನ್ ಮತ್ತು ಸಂಗಡಿಗರು ಬಬೂನ್ ಕೋತಿಗಳ ಮಜ್ಜೆಯಿಂದ ಈ ಗುರುತಿನ ಕೋಶಗಳನ್ನಷ್ಟೇ ಆರಿಸಿ, ಮಜ್ಜೆ ಸತ್ತ ಕೋತಿಗಳಿಗೆ ಹಾಕಿದರು. ಕೋತಿಗಳು ಬದುಕಿದವು. ಗುರುತಿಗೂ ಕೆಲಸಕ್ಕೂ ನಂಟಿದೆ ಎಂದು ಅಲ್ಲಿ ಖಾತ್ರಿಯಾಯಿತು. ಅಂದಿನಿಂದ ಕಸಿಯ ಆಸ್ಪತ್ರೆಗಳಲ್ಲಿ 34ನೆಯ ನಂಬರೇ ಅಳತೆಗೋಲು.

ನನ್ನ ತಮ್ಮನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೊದಲ ಸುತ್ತಿನ ಕೀಮೋ ಮುಗಿದ ಮೇಲೆ, ಕಸಿ ಮಾಡಬೇಕು, ಒಡಹುಟ್ಟಿದವರು ಯಾರಿದ್ದಾರೆ ಎಂದು ಕೇಳಿದರು. ಇಬ್ಬರು ಅಕ್ಕಂದಿರ ರಕ್ತವನ್ನೂ ತೆಗೆದುಕೊಂಡರು. ಎಚ್.ಎಲ್.ಎ. ಎಂಬ ಗುರುತುಗಳು ಒಡಹುಟ್ಟಿದ ಒಬ್ಬೊಬ್ಬರಲ್ಲಿ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ನನ್ನದು ಹೊಂದಿತು. ನನ್ನ ರಕ್ತದ ಗುಂಪು ಓ, ಅವನದು ಬಿ. ಅದು ಅಡ್ಡಿಯಲ್ಲ ಎಂದರು.

ಕೊಡುವವರ ಪಾಲಿಗೆ ಕಷ್ಟ ದೊಡ್ಡದಲ್ಲ. ಮಜ್ಜೆಯ ಕೋಶಗಳು ರಕ್ತಕ್ಕೆ ಇಳಿದು ಬರಲೆಂದು ದಿನವೂ ಒಂದು ಇಂಜೆಕ್ಷನ್. ನಾಲ್ಕನೆಯ ದಿನಕ್ಕೆ ಸೊಂಟ, ಎದೆಗೂಡು ಜ್ವರ ಬಂದವರಂತೆ ನೋಯುತ್ತವೆ. ಐದನೆಯ ದಿನ ಎರಡೂ ತೋಳಿಗೆ ಸೂಜಿ ಚುಚ್ಚಿ ಯಂತ್ರದ ಪಕ್ಕ ನಾಲ್ಕೈದು ಗಂಟೆ ಮಲಗಿಸುತ್ತಾರೆ. ಒಂದು ತೋಳಿನಿಂದ ಹೋದ ರಕ್ತ ಬೇಕಾದ ಕೋಶಗಳನ್ನು ಬಿಟ್ಟು ಇನ್ನೊಂದರಿಂದ ಹಿಂದಿರುಗುತ್ತದೆ. ತುಟಿ ಜುಮುಜುಮು ಎಂದಾಗ ನರ್ಸಮ್ಮ ಕ್ಯಾಲ್ಸಿಯಂ ಕೊಡುತ್ತಾರೆ. ಇಷ್ಟೆ.

ಅಷ್ಟರಲ್ಲಿ ಮೇಲಿನ ಮಹಡಿಯಲ್ಲಿ ತಮ್ಮನ ಮಜ್ಜೆಯನ್ನು ಔಷಧಿಯಿಂದ ಖಾಲಿ ಮಾಡಿಯಾಗಿತ್ತು. ಅವನ ಪಾಲಿಗೆ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ರೋಗಿಯ ತೂಕದ ಪ್ರತಿ ಕೇಜಿಗೆ ಸಿ.ಡಿ. 34 ಗುರುತಿನ ಕೋಶಗಳು ಕಡಿಮೆಯೆಂದರೆ 20 ಲಕ್ಷವಾದರೂ ಬೇಕು, 40-50 ಲಕ್ಷವಾದರೆ ಒಳ್ಳೆಯದು. ಸಂಜೆ ಬಂದ ನನ್ನ ಲೆಕ್ಕ 17 ಲಕ್ಷ. ನಾಳೆ ಮತ್ತೊಮ್ಮೆ ತೆಗೆಯೋಣ ಎಂದರು.

ಆ ಸಂಜೆ ತಮ್ಮನ ಹೆಂಡತಿ ಫೈಲು ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಮುಖ ಸಪ್ಪಗಿತ್ತು. "ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವರ ಕಾಯಿಲೆ ಗೊತ್ತಾದಾಗ ಬಂದ ರಿಪೋರ್ಟಿನಲ್ಲಿ ಕೆಟ್ಟ ಕೋಶಗಳಿಗೆ ಸಿ.ಡಿ. 34 ಪಾಸಿಟಿವ್ ಅಂತ ಬರೆದಿದ್ದರು. ಈಗ ನಿಮ್ಮ ಚೀಟಿಯಲ್ಲೂ ಅದೇ ಇದೆಯಲ್ಲ. ಇವರಿಗೆ ಹಾಕ್ತಿರೋದು ಅದನ್ನೇನಾ?" ನಾನು ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ನಿಜವೇ. ಅವನನ್ನು ಕೊಲ್ಲಲು ಬಂದ ಕೋಶದ ಮೇಲೂ ಅದೇ ಗುರುತು, ಬದುಕಿಸಲು ಹೊರಟ ಕೋಶದ ಮೇಲೂ ಅದೇ ಗುರುತು.

ವೈದ್ಯೆ ಚಿಕ್ಕ ವಯಸ್ಸಿನವರು. ರಾತ್ರಿ ಎಂಟಾಗಿದ್ದರೂ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. "ಮೇಡಂ, ಅದು ಎಳೆಯ ಕೋಶ ಅನ್ನೋದಕ್ಕೆ ಗುರುತು, ಒಳ್ಳೇದು ಅನ್ನೋದಕ್ಕಲ್ಲ. ರಕ್ತನಾಳದ ಒಳಗೋಡೆಯ ಕೋಶಗಳ ಮೇಲೂ ಅದು ಇರುತ್ತೆ. ಕಾಯಿಲೆಯಲ್ಲಿ ಕೋಶಗಳು ಬಲಿಯದೆ ಎಳೆಯದರಲ್ಲೇ ನಿಂತುಬಿಡ್ತವೆ, ಅದಕ್ಕೇ ಗುರುತು ಉಳಿದಿರುತ್ತೆ. ನಿಮ್ಮ ಕೋಶಗಳು ಬಲಿಯಬಲ್ಲವು. ವ್ಯತ್ಯಾಸ ಇರೋದು ಅಲ್ಲಿ." ಹಾಗಾದರೆ ನನ್ನ 17 ಲಕ್ಷವೂ ಆಕರಕೋಶಗಳೇ ಎಂದು ಕೇಳಿದೆ. "ಇಲ್ಲ ಮೇಡಂ. ಬಹುಪಾಲು ಅವುಗಳ ಮಕ್ಕಳು, ಮೊಮ್ಮಕ್ಕಳು. ನಿಜವಾದವು ಅದರಲ್ಲಿ ಬಹಳ ಕಡಿಮೆ. ಆದರೆ ಗುರುತಿನವು ಸಾಕಷ್ಟಿದ್ದರೆ ಅವುಗಳ ಜೊತೆ ನಿಜವಾದವೂ ಬಂದಿರುತ್ತವೆ ಅನ್ನೋದು ಅನುಭವ" ಎಂದರು.

ಈ "ಬಹಳ ಕಡಿಮೆ" ಎಂದರೆ ಎಷ್ಟು ಎಂದು ಆಮೇಲೆ ಓದಿ ತಿಳಿದೆ. ಟೊರಾಂಟೊದ ಜಾನ್ ಡಿಕ್ ಅವರ ಪ್ರಯೋಗಾಲಯದವರು ರೋಗನಿರೋಧ ಶಕ್ತಿಯಿಲ್ಲದ ಇಲಿಗಳಿಗೆ ಮನುಷ್ಯರ ಕೋಶಗಳನ್ನು ಹಾಕಿ ಪರೀಕ್ಷಿಸಿದರು. 34 ಇದ್ದು 38 ಇಲ್ಲದವನ್ನು ಹೊಕ್ಕುಳಬಳ್ಳಿಯ ರಕ್ತದಿಂದ ಆರಿಸಿದಾಗಲೂ, 1997ರ ಲೆಕ್ಕದಂತೆ, 617ರಲ್ಲಿ ಒಂದು ಮಾತ್ರ ಬೇರೂರಿತು. 2011ರಲ್ಲಿ ಅವರೇ 90 ಮತ್ತು 49ಎಫ್ ಎಂಬ ಗುರುತುಗಳನ್ನೂ ಸೇರಿಸಿ ಸೋಸಿದಾಗ ಹತ್ತಕ್ಕೆ ಸುಮಾರು ಒಂದಕ್ಕೆ ಬಂದಿತು. ಜರಡಿ ಸಣ್ಣದಾಗುತ್ತ ಬಂದಿದೆ. ಆದರೂ ಹತ್ತರಲ್ಲಿ ಒಂಬತ್ತು ಮುಖ ನೋಡಿ ಮಣೆ ಹಾಕಿಸಿಕೊಂಡವೇ.

ಇನ್ನೊಂದು ಸೋಜಿಗವಿದೆ. ನಮ್ಮಲ್ಲಿ ಅಳತೆಗೋಲಾದ ಗುರುತು ಇಲಿಗಳಲ್ಲಿ ತಿರುವುಮುರುವು. ಜಪಾನಿನ ನಕೌಚಿ ಮತ್ತು ಸಂಗಡಿಗರು 1996ರಲ್ಲಿ ಒಂದೊಂದು ಇಲಿಗೆ ಒಂದೊಂದೇ ಕೋಶವನ್ನು ಹಾಕಿ ತೋರಿಸಿದರು. ಬಲಿತ ಇಲಿಯಲ್ಲಿ ದೀರ್ಘಕಾಲ ರಕ್ತ ಕೊಡುವ ಕೋಶದ ಮೇಲೆ ಸಿ.ಡಿ. 34 ಇಲ್ಲವೇ ಇಲ್ಲ, ಇಲ್ಲವೆ ತೀರ ಕಡಿಮೆ. ಅಂಥ ಒಂದೇ ಕೋಶದಿಂದ ನೂರಕ್ಕೆ 21 ಇಲಿಗಳಲ್ಲಿ ರಕ್ತವೆಲ್ಲ ಮತ್ತೆ ಹುಟ್ಟಿತು. 1999ರಲ್ಲಿ ಅಮೆರಿಕದಲ್ಲಿದ್ದ ಒಗಾವಾ ಮತ್ತು ಜೊತೆಯವರು ಇನ್ನೂ ಒಂದು ಹೆಜ್ಜೆ ಹೋದರು. ಆಕರಕೋಶ ಎಚ್ಚೆತ್ತು ದುಡಿಯಲು ತೊಡಗಿದಾಗ 34 ಮೂಡುತ್ತದೆ. ಮತ್ತೆ ವಿಶ್ರಾಂತಿಗೆ ಮರಳಿದಾಗ ಅಳಿಯುತ್ತದೆ. ಅಂದರೆ ಗುರುತೆಂಬುದು ಹಚ್ಚೆಯಲ್ಲ, ಉಟ್ಟ ಬಟ್ಟೆ. ಅಡುಗೆಮನೆಗೆ ಹೋಗುವಾಗ ಒಂದು, ಪೇಟೆಗೆ ಹೋಗುವಾಗ ಒಂದು.

ಮುದಿ ಇಲಿಗಳ ಕಥೆ ಓದಿದಾಗ ಮಾತ್ರ ಸ್ವಲ್ಪ ನಗು ಬಂತು. ವಯಸ್ಸಾದಂತೆ ಅವುಗಳ ಮಜ್ಜೆಯಲ್ಲಿ ಆಕರಕೋಶದ ಗುರುತು ಹೊತ್ತವುಗಳ ಸಂಖ್ಯೆ ಹೆಚ್ಚುತ್ತದಂತೆ, ಆದರೆ ಒಂದೊಂದರ ದುಡಿಮೆ ಕಡಿಮೆಯಾಗುತ್ತದಂತೆ. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. ಐವತ್ತರ ಹೊಸ್ತಿಲಲ್ಲಿ ದಾನ ಮಾಡಿದ ನಾನು ಇದನ್ನು ಆಗ ಓದಿರಲಿಲ್ಲವಾದ್ದರಿಂದ ಒಂದೆರಡು ರಾತ್ರಿಯ ನಿದ್ರೆಯಾದರೂ ಉಳಿಯಿತು.

ಎಲ್ಲ ಗುರುತುಗಳೂ ಬರೀ ಹಣೆಪಟ್ಟಿಗಳೆಂದು ಹೇಳಿದರೆ ಅನ್ಯಾಯವಾಗುತ್ತದೆ. ಕೆಲವು ದುಡಿಯುವ ಕೈಗಳು. ಕಿಟ್ ಎಂದು ಕರೆಯುವ ಸಿ.ಡಿ. 117 ಕೋಶದ ಕಿವಿಯಿದ್ದಂತೆ. ಬದುಕಿರು, ಬೆಳೆ ಎಂದು ಮಜ್ಜೆ ಹೇಳುವ ಮಾತನ್ನು ಅದು ಕೇಳಿಸಿಕೊಳ್ಳುತ್ತದೆ. ಅದು ಕೆಟ್ಟ ಇಲಿಗಳು ರಕ್ತಹೀನವಾಗುತ್ತವೆ. ಸಿ.ಎಕ್ಸ್.ಸಿ.ಆರ್. 4 ಎಂಬುದು ಕೋಶವನ್ನು ಮಜ್ಜೆಗೆ ಕಟ್ಟಿಹಾಕುವ ಹಗ್ಗ. ನನಗೆ ಕೊಟ್ಟ ಇಂಜೆಕ್ಷನ್ನುಗಳು ಆ ಹಗ್ಗವನ್ನು ಸಡಿಲಿಸಿದ್ದರಿಂದಲೇ ಕೋಶಗಳು ರಕ್ತಕ್ಕೆ ಬಂದದ್ದು. ತಮ್ಮನ ತೋಳಿನ ನಾಳಕ್ಕೆ ಬಿಟ್ಟ ಕೋಶಗಳು ಯಾರೂ ದಾರಿ ತೋರಿಸದೆ ಮೂಳೆಯೊಳಕ್ಕೆ ಹೋಗಿ ಸೇರುವುದೂ ಅದರ ಬಲದಿಂದಲೇ, ಸಂಜೆ ದನಗಳು ತಾವಾಗಿ ಕೊಟ್ಟಿಗೆಗೆ ಬರುವ ಹಾಗೆ. ಅಳತೆಗೋಲಾದ ಸಿ.ಡಿ. 34 ಇಲ್ಲದಂತೆ ಬೆಳೆಸಿದ ಇಲಿಗಳು ಮಾತ್ರ ಬದುಕುತ್ತವೆ, ರಕ್ತವನ್ನೂ ಮಾಡಿಕೊಳ್ಳುತ್ತವೆ. ನಾವು ಅತಿ ಹೆಚ್ಚು ನಂಬುವ ಗುರುತು ಕೆಲಸಕ್ಕೆ ಅನಿವಾರ್ಯವಾದ ಗುರುತೇ ಆಗಿರಬೇಕೆಂದಿಲ್ಲ.

ಎರಡನೆಯ ದಿನದ ಲೆಕ್ಕ 19 ಲಕ್ಷ ಬಂತು. ಎರಡೂ ಸೇರಿ 36 ಲಕ್ಷ. ಆಮೇಲೆ ಎಣಿಸುವ ಯಂತ್ರಕ್ಕೆ ಹೇಳುವುದೇನೂ ಉಳಿದಿರಲಿಲ್ಲ. ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟ ಹೊತ್ತು ಅದು. ತಮ್ಮನ ಬಿಳಿ ರಕ್ತಕಣಗಳು ಸೊನ್ನೆಗೆ ಇಳಿದು ದಿನಗಟ್ಟಲೆ ಅಲ್ಲೇ ನಿಂತವು. ಬಾಯಿ ತುಂಬ ಹುಣ್ಣು, ಜ್ವರ. ಗಾಜಿನ ಆಚೆಯಿಂದ ಕೈ ಎತ್ತುವುದಕ್ಕೂ ಅವನಿಗೆ ಶಕ್ತಿಯಿರಲಿಲ್ಲ. ದಿನವೂ ಬೆಳಿಗ್ಗೆ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳ ಲೆಕ್ಕ ಬರುತ್ತಿತ್ತು. ಅದು 500 ದಾಟಿ ಮೂರು ದಿನ ಸತತವಾಗಿ ನಿಂತರೆ ಕೋಶಗಳು ಬೇರೂರಿದವು ಎಂದು ಅರ್ಥ. ಹದಿಮೂರನೆಯ ದಿನ 90. ಹದಿನಾಲ್ಕನೆಯ ದಿನ 260. ಹದಿನೈದನೆಯ ದಿನ 610. ಮೂವತ್ತು ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾದವಳು ನಾನು. ಯಾವ ಫಲಿತಾಂಶಕ್ಕೂ ಹಾಗೆ ಗೋಡೆ ಹಿಡಿದು ನಿಂತಿರಲಿಲ್ಲ.

ಆಗ ಸಮಾಧಾನವಾದದ್ದು ಪೂರ್ತಿ ಸಮಾಧಾನವಲ್ಲ. ಮೊದಲ ವಾರಗಳ ರಕ್ತ ಕೊಡುವವು ಹೆಚ್ಚಾಗಿ ಮಕ್ಕಳು, ಮೊಮ್ಮಕ್ಕಳ ಕೋಶಗಳೇ. ನಿಜವಾದ ಆಕರಕೋಶಗಳು ಬಂದು ನೆಲೆಸಿದವೋ ಇಲ್ಲವೋ ಎಂಬುದನ್ನು ತಿಂಗಳುಗಳೇ ಹೇಳಬೇಕಿತ್ತು, ವರ್ಷಗಳೇ ಹೇಳಬೇಕಿತ್ತು. ಹೇಳಿದವು. ಮೂರನೆಯ ತಿಂಗಳು ಪರೀಕ್ಷೆ ಮಾಡಿದಾಗ ಅವನ ರಕ್ತದ ಕೋಶಗಳಲ್ಲಿ ಶೇಕಡ 99ಕ್ಕಿಂತ ಹೆಚ್ಚಿನವುಗಳಲ್ಲಿ ಎರಡು ಎಕ್ಸ್ ವರ್ಣತಂತುಗಳಿದ್ದವು, ಅಂದರೆ ಹೆಣ್ಣಿನ ಕೋಶಗಳು. "ನನ್ನ ಮೀಸೆಗೇನೂ ತೊಂದರೆಯಿಲ್ಲ ತಾನೆ ಅಕ್ಕಾ?" ಎಂದು ಕೇಳಿದ. ಚರ್ಮ, ಕೂದಲು, ಮೀಸೆ ಎಲ್ಲ ಅವನವೇ, ರಕ್ತವೊಂದು ನನ್ನದು.

ಗುರುತುಗಳ ಮೇಲೆ ನನಗೆ ಸಿಟ್ಟಿಲ್ಲ. ಆ ಎರಡು ದಿನ ಅವು ಇಲ್ಲದಿದ್ದರೆ ವೈದ್ಯೆ ಕತ್ತಲಲ್ಲಿ ಕೈಯಾಡಿಸಬೇಕಾಗಿತ್ತು; 17 ಲಕ್ಷ ಸಾಲದು ಎಂದು ಹೇಳಿದ್ದೂ ಗುರುತೇ. ಆದರೆ ಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಸಾಕಿದಾಗ, ಗುರುತು ಹಾಗೆಯೇ ಇದ್ದು ಬೇರೂರುವ ಶಕ್ತಿ ಹೋಗಿಬಿಡುವುದುಂಟು. ಆದ್ದರಿಂದ ಎಷ್ಟೇ ಹೊಸ ಗುರುತು ಸಿಕ್ಕಿದರೂ ವಿಜ್ಞಾನಿಗಳು ಕೊನೆಗೆ ಕೋಶವನ್ನು ಇನ್ನೊಂದು ಮೈಗೆ ಹಾಕಿ, ಕಾದು ನೋಡಿಯೇ ಹೆಸರು ಕೊಡುತ್ತಾರೆ. ಜೂನ್ ತಿಂಗಳಲ್ಲಿ ಕಾರ್ಡು ನೋಡಿ ಸೆಕ್ಷನ್ನು ಹಂಚಿದ ಮೇಲೆ ನಾವೂ ಅಷ್ಟು ತಾಳ್ಮೆ ಇಟ್ಟುಕೊಂಡರೆ ಮಕ್ಕಳು ಬದುಕುತ್ತಾರೆ.

ಕಸಿಯಾದ ಕೆಲವು ತಿಂಗಳಿಗೆ ಹಳೆಯ ಕೆಂಪು ಕಣಗಳೆಲ್ಲ ತೀರಿ, ತಮ್ಮನ ರಕ್ತದ ಗುಂಪೂ ಬದಲಾಯಿತು. ಬಿ ಎಂಬ ಗುರುತು ಹೋಗಿ ಈಗ ನನ್ನ ಹಾಗೆ ಓ. ಅದೂ ಕೆಂಪು ಕಣದ ಹೊರಮೈಯ ಗುರುತೇ ತಾನೆ. ಈ ಸಲ ಗುರುತು ಮೊದಲು ಬಂದು ಕೆಲಸದ ಭರವಸೆ ಕೊಟ್ಟದ್ದಲ್ಲ. ಕೆಲಸ ನಡೆದು, ಅದರ ಹಿಂದೆ ಗುರುತು ಬಂತು. ಅವನ ಡ್ರೈವಿಂಗ್ ಲೈಸೆನ್ಸಿನಲ್ಲಿ ಮಾತ್ರ ಇನ್ನೂ ಬಿ ಎಂದೇ ಇದೆ. ತಿದ್ದಿಸು ಎಂದು ಹೇಳಿ ಹೇಳಿ ಸಾಕಾಗಿ, ನಾನೇ ಒಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಓ ಎಂದು ಬರೆದು ಅವನ ಪರ್ಸಿನಲ್ಲಿ ಇಟ್ಟಿದ್ದೇನೆ.